ಸುಣ್ಣದ ಮುಚ್ಚಳ

ಆ ಊರಿನಲ್ಲಿ ದಿನವೂ ಹೊತ್ತು ಮುಳುಗುವಾಗ ಪ್ರತಿ ಮನೆಯಿಂದ ಒಬ್ಬರು ಹೊಸ್ತಿಲ ಮೇಲೆ ನಿಂತು ‘ಸಾಕು’ ಎನ್ನಬೇಕಿತ್ತು. ಕೂಗಬೇಕಾಗಿರಲಿಲ್ಲ. ಮನೆಗೆ ಕೇಳಿಸಿದರೆ ಆಯಿತು. ಏಕೆಂದರೆ ಆ ಊರಿನ ಮನೆಗಳನ್ನು ಯಾರೂ ಕಟ್ಟಿರಲಿಲ್ಲ, ಅವು ತಾವೇ ಬೆಳೆದಿದ್ದವು. ಹಗಲೆಲ್ಲ ಗೋಡೆಗಳು ಸವೆದಲ್ಲಿ ತುಂಬಿಕೊಳ್ಳುತ್ತಿದ್ದವು, ಬಿರಿದಲ್ಲಿ ಕೂಡಿಕೊಳ್ಳುತ್ತಿದ್ದವು. ಮನೆಯಲ್ಲಿ ಮಗು ಹುಟ್ಟಿದರೆ ಮೂಲೆಯಲ್ಲೊಂದು ಕೋಣೆ ಚಿಗುರುತ್ತಿತ್ತು. ಸಂಜೆ ‘ಸಾಕು’ ಎಂದ ಕೂಡಲೇ ನಿಲ್ಲುತ್ತಿದ್ದವು. ಬೆಳಿಗ್ಗೆ ಮತ್ತೆ ಶುರು.

ಇನ್ನೊಂದು ರೂಢಿಯೂ ಇತ್ತು. ಮನೆಯ ಮುಂದೆ ಹಾದುಹೋಗುವವರನ್ನು ಒಳಗೆ ಕರೆದು ಒಲೆಯ ಪಕ್ಕ ಕೂರಿಸದೆ ಯಾರೂ ಬಿಡುತ್ತಿರಲಿಲ್ಲ. ಒಂದು ಚೂರು ಬೆಲ್ಲ, ಒಂದು ಲೋಟ ಬಿಸಿನೀರು, ಒಲೆಯ ಕಾವು. ಅವಸರವಿದೆ ಎಂದರೆ ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಹೀಗಾಗಿ ಆ ಊರಿನಲ್ಲಿ ಯಾವ ಕೆಲಸವೂ ಹೊತ್ತಿಗೆ ಸರಿಯಾಗಿ ಆದದ್ದಿಲ್ಲ. ಯಾರೂ ಚಳಿಯಲ್ಲಿ ನಡುಗಿ ಸತ್ತದ್ದೂ ಇಲ್ಲ.

ಕಾಲುವೆ ಬೀದಿಯ ಒಂದು ತುದಿಯಲ್ಲಿ ಅಕ್ಕನ ಮನೆ, ಇನ್ನೊಂದು ತುದಿಯಲ್ಲಿ ತಂಗಿಯ ಮನೆ. ಅಕ್ಕನಿಗೆ ಗಂಡ ಇರಲಿಲ್ಲ, ಇದ್ದವಳು ಒಬ್ಬಳೇ ಮಗಳು. ಅವಳು ನಡೆಯಲು ಕಲಿಯುವ ಮೊದಲೇ ಜ್ವರ ಬಂದು ಹೋಗಿಬಿಟ್ಟಳು. ಆ ಸಂಜೆ ಬೀದಿಯ ಎಲ್ಲ ಹೊಸ್ತಿಲುಗಳಿಂದಲೂ ‘ಸಾಕು’ ಕೇಳಿಸಿತು. ಅಕ್ಕನ ಹೊಸ್ತಿಲಿನಿಂದ ಕೇಳಿಸಲಿಲ್ಲ.

ಅವಳಿಗೆ ಹೇಳುವವರು ಯಾರು? ಮಗುವನ್ನು ಮಣ್ಣಿಗೆ ಕೊಟ್ಟು ಬಂದ ತಾಯಿಯ ಮುಂದೆ ನಿಂತು ‘ಸಾಕು ಅನ್ನವ್ವ’ ಎನ್ನಲು ಯಾರಿಗೆ ನಾಲಿಗೆ ಬಂದೀತು? ಇವತ್ತೊಂದು ದಿನ ಹೋಗಲಿ ಅಂದುಕೊಂಡರು. ಮರುದಿನವೂ ಹಾಗೆಯೇ ಅಂದುಕೊಂಡರು. ಬೀದಿಯವರು ಮಾಡಿದ್ದು ತಪ್ಪು ಎಂದು ನನ್ನ ಬಾಯಿಂದ ಬರುವುದಿಲ್ಲ, ನಾನಿದ್ದರೂ ಸುಮ್ಮನೆಯೇ ಇರುತ್ತಿದ್ದೆ. ಆದರೆ ಗೋಡೆಗಳಿಗೆ ಮರುಕ ಎಂದರೇನು ತಿಳಿಯುತ್ತದೆ? ಅಕ್ಕನ ಮನೆ ಬೆಳೆಯಿತು. ಸಂಜೆಯೂ ಬೆಳೆಯಿತು, ಇರುಳೂ ಬೆಳೆಯಿತು. ಅಕ್ಕ ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಅವಳು ಮನಸ್ಸಿನಲ್ಲಿ ನೆನೆದದ್ದೆಲ್ಲ ಅಲ್ಲಿ ಕೋಣೆಯಾಗುತ್ತಿತ್ತು.

ಬೆಳೆಯುವ ಆತುರದಲ್ಲಿ ಮನೆ ಬಾಗಿಲನ್ನೂ, ‘ಸಾಕು’ ಎನ್ನಬೇಕಿದ್ದ ಹೊಸ್ತಿಲನ್ನೂ ನುಂಗಿಹಾಕಿತು. ಅಕ್ಕ ಒಳಗೇ ಉಳಿದಳು. ಗೋಡೆಯಿಂದ ಬೇರುಗಳು ಹೊರಟು ಕಾಲುವೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡವು, ಬೀದಿಯ ಬಾವಿಗಳು ಬತ್ತಿದವು. ಅಷ್ಟು ನೀರು ಕುಡಿದೂ ಆ ಮನೆಗೆ ದಾಹ ತೀರಲಿಲ್ಲ. ಅವಸರದಲ್ಲಿ ಎದ್ದ ಗೋಡೆಗಳಾದ್ದರಿಂದ ಎಲ್ಲೆಲ್ಲೂ ಸಂದು, ನೆಲ್ಲಿಕಾಯಿ ತೂರುವಷ್ಟು. ಬೀದಿಯವರು ಆ ಸಂದುಗಳಲ್ಲೇ ರೊಟ್ಟಿ ಸುರುಳಿ ಸುತ್ತಿ ತೂರಿಸುತ್ತಿದ್ದರು, ಅನ್ನದ ತುತ್ತು ಇಡುತ್ತಿದ್ದರು. ಒಳಗೆ ಗಾಳಿಯಾಡದೆ ಎಲ್ಲವೂ ಹುಳಿಯುತ್ತಿತ್ತು.

ಮನೆ ಪಕ್ಕದ ಮನೆಯ ಗೋಡೆಗೆ ಒತ್ತಿ ನಿಂತಾಗ ಊರಿಗೆ ದಿಗಿಲಾಯಿತು. ಮದ್ದಿನಜ್ಜನನ್ನು ಕರೆಸಿದರು. ಮದ್ದಿನಜ್ಜ ಬೇರು ನಾರುಗಳನ್ನು ಕುದಿಸಿ ಕಹಿನೀರು ಇಳಿಸಿ, ಅದನ್ನು ಕಾಲುವೆಗೆ ಸುರಿದ. ಕಾಲುವೆ ಎಲ್ಲ ಮನೆಗಳ ಮುಂದೆ ಹಾದೇ ಅಕ್ಕನ ಮನೆಗೆ ತಿರುಗುತ್ತಿತ್ತು, ಬಾವಿ ಬತ್ತಿದ ಮೇಲೆ ಊರೆಲ್ಲ ಅದನ್ನೇ ಕುಡಿಯುತ್ತಿತ್ತು. ಕಹಿನೀರಿನ ಗುಣ ಒಂದೇ, ಬೆಳೆಯುವುದನ್ನು ತಡೆಯುವುದು. ಯಾವುದು ಹಿತವಾಗಿ ಬೆಳೆಯುತ್ತಿದೆ, ಯಾವುದು ಹದ ತಪ್ಪಿ ಬೆಳೆಯುತ್ತಿದೆ ಎಂಬ ವಿವೇಚನೆ ಅದಕ್ಕಿರಲಿಲ್ಲ. ಕೂದಲು ಬೆಳೆಯುತ್ತದೆ, ಊರೆಲ್ಲರ ಕೂದಲು ದಿಂಬಿನ ಮೇಲೆ ಉದುರಿತು. ಉಗುರು ಬೆಳೆಯುತ್ತದೆ, ಉಗುರು ಕಪ್ಪಾಯಿತು. ಮಕ್ಕಳು ಬೆಳೆಯುತ್ತಾರೆ, ಮಕ್ಕಳು ತಿಂದದ್ದನ್ನೆಲ್ಲ ಕಾರಿಕೊಂಡು ಬಾಡಿದರು. ಅಕ್ಕನ ಮನೆ ಒಂದಷ್ಟು ಕುಗ್ಗಿತು, ಆಮೇಲೆ ಮತ್ತೆ ಬೆಳೆಯಿತು. ಎರಡನೆಯ ಸಲ ಸುರಿದರು, ಎರಡನೆಯ ಸಲವೂ ಹಾಗೆಯೇ ಆಯಿತು. ಯಾರೂ ಅಕ್ಕನನ್ನು ಬೈಯಲಿಲ್ಲ. ಬೋಳುತಲೆಯ ಹೆಂಗಸರು ಬೋಳುತಲೆಯ ಮಕ್ಕಳನ್ನು ಎತ್ತಿಕೊಂಡು ಬಂದು ಸಂದಿನಲ್ಲಿ ತುತ್ತು ಇಟ್ಟುಹೋಗುತ್ತಿದ್ದರು.

ಮೂರನೆಯ ಸಲ ಸುರಿಯುವುದೆಂದು ಊರ ಯಜಮಾನ ಸಾರಿದ ದಿನ, ತಂಗಿ ತನ್ನ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಮದ್ದಿನಜ್ಜನ ಜಗಲಿಗೆ ಬಂದಳು. ಅದು ಮೊದಲನೆಯ ಕಹಿನೀರಿನ ನಂತರ ಹುಟ್ಟಿದ ಕೂಸು. ಎರಡನೆಯದು ಸುರಿದಂದಿನಿಂದ ಅದು ಬೆಳೆದೇ ಇರಲಿಲ್ಲ, ಹುಟ್ಟಿದಾಗ ಹಾಕಿದ ಅಂಗಿ ಈಗಲೂ ದೊಗಳೆಯಾಗಿಯೇ ಇತ್ತು.

‘ಅಜ್ಜ, ನನ್ ಕೂಸು ಇನ್ನೊಂದ್ಸಲ ತಡ್ಯಲ್ಲ.’

‘ಗೊತ್ತು ಕಣವ್ವ.’

‘ಗೊತ್ತಿದ್ದೂ ಸುರೀತೀರಾ?’

ಮದ್ದಿನಜ್ಜನಿಗೂ ತಲೆಯಲ್ಲಿ, ಹುಬ್ಬಿನಲ್ಲಿ ಒಂದು ಕೂದಲೂ ಉಳಿದಿರಲಿಲ್ಲ. ಕುದಿಸುವವನಿಗೇ ಕಹಿ ಮೊದಲು ತಾಗುವುದು. ಅವನು ಕೂಸಿನ ಅಂಗಾಲನ್ನು ಹೆಬ್ಬೆರಳಿನಿಂದ ಸವರಿದ.

‘ಸುರೀದಿದ್ರೆ ಆ ಮನೆ ಊರನ್ನೇ ನುಂಗುತ್ತೆ. ನಿನ್ ಮನೆ, ನಿನ್ ಕೂಸು, ಯಾವ್ದೂ ಉಳ್ಯಲ್ಲ. ನಾನೇನ್ ಮಾಡ್ಲಿ ಹೇಳು.’

‘ಊರಿಗೆಲ್ಲ ಯಾಕ್ ಸುರೀಬೇಕು? ಅಲ್ಲಿಗೆ ಮಾತ್ರ ಒಯ್ದು ಹಾಕಿದ್ರೆ ಆಗಲ್ವಾ?’

‘ಒಯ್ಯೋಕೆ ಮುಚ್ಚಿಟ್ಟು ಒಯ್ಯಬೇಕು. ಅಲ್ಲಿ ಹೋಗಿ ತೆರ್‍ಯೋರು ಯಾರು? ತೆರೆದ ಕೈ ಅಲ್ಲೇ ಉದುರುತ್ತೆ. ದಾರೀಲಿ ಮುಚ್ಚಿರಬೇಕು, ಅಲ್ಲಿ ಹೋದ್ಮೇಲೆ ತಾನಾಗೇ ತೆರ್ಕೋಬೇಕು. ಅಂಥ ಮುಚ್ಚಳ ಎಲ್ಲಿದೆ?’

‘ಹುಡುಕಾಣ’ ಎಂದಳು ತಂಗಿ. ಬಾಯಿಗೆ ಬಂದ ಮಾತು ಅದು. ಹೇಗೆ ಹುಡುಕುವುದು ಎಂದು ಅವಳಿಗೇನು ಗೊತ್ತು? ಆದರೂ ಮದ್ದಿನಜ್ಜ ಯಜಮಾನನ ಕೈಕಾಲು ಹಿಡಿದು ಮುಂದಿನ ಹುಣ್ಣಿಮೆಯವರೆಗೆ ಗಡುವು ತಂದ.

ಅಕ್ಕನ ಮನೆಯ ಗೋಡೆ ಮುಟ್ಟಿದರೆ ಕೈ ಚುರುಗುಟ್ಟುತ್ತಿತ್ತು. ಬೆಳೆದೂ ಬೆಳೆದೂ ಅದಕ್ಕೆ ಜ್ವರ ಬಂದಿತ್ತು. ಕಾವಿಗೆ ಕರಗುವುದು ಅರಗು. ಕುಂಬಾರ ನೆಲ್ಲಿಕಾಯಿ ಗಾತ್ರದ ಕುಡಿಕೆಗಳನ್ನು ಮಾಡಿಕೊಟ್ಟ. ಮದ್ದಿನಜ್ಜ ಅವುಗಳಲ್ಲಿ ಕಹಿ ತುಂಬಿ ಬಾಯಿಗೆ ಅರಗು ಮೆತ್ತಿದ. ತಂಗಿ ಕೂಸನ್ನು ಗಂಡನ ಕೈಗೆ ಕೊಟ್ಟು, ಕುಡಿಕೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬೀದಿಯ ತನ್ನ ತುದಿಯಿಂದ ಅಕ್ಕನ ತುದಿಗೆ ಹೊರಟಳು.

ಹೊರಟರೆ ಹೋಗಲು ಬಿಡುವ ಊರೇ ಅದು! ಮೊದಲ ಬಾಗಿಲಲ್ಲೇ ಗಾಣದಜ್ಜಿ ಕೈ ಹಿಡಿದಳು.

‘ಎಲ್ಲಿಗವ್ವ ಇಷ್ಟೊಂದು ಅವಸರ? ಬಾ, ಒಲೆ ಹತ್ರ ಕೂತ್ಕೊ.’

‘ಇವತ್ತು ಬೇಡ ಅಜ್ಜಿ, ಜೀವದ ಕೆಲ್ಸ.’

‘ಜೀವದ ಕೆಲ್ಸಕ್ಕೆ ಹೋಗೋರು ಕಾಲು ತಣ್ಣಗೆ ಮಾಡ್ಕೊಂಡು ಹೋಗ್ತಾರೇನೆ? ಕೂತ್ಕೊ ಅಂದ್ರೆ ಕೂತ್ಕೋಬೇಕು.’

ತಂಗಿ ಕೂತಳು. ಆ ಊರಿನಲ್ಲಿ ಹುಟ್ಟಿದ ಯಾರೇ ಆದರೂ ಕೂರುತ್ತಿದ್ದರು, ಒಲೆಯ ಕರೆಯನ್ನು ತಳ್ಳಿಹಾಕುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಬೆಲ್ಲ ಬಾಯಲ್ಲಿ ಕರಗಿತು. ಬುಟ್ಟಿಯಲ್ಲಿ ಅರಗೂ ಕರಗಿತು. ಒಂದು ಕುಡಿಕೆ ಬಾಯಿ ಬಿಟ್ಟದ್ದೇ ತಡ, ಅಡುಗೆಮನೆಯ ತುಂಬ ಕಹಿ ಹಬ್ಬಿತು. ಹಿತ್ತಲ ಕುಂಬಳದ ಬಳ್ಳಿ ನೋಡನೋಡುತ್ತ ಕಪ್ಪಾಯಿತು. ಮೂಲೆಯಲ್ಲಿ ಮಂಕರಿ ಕವುಚಿಟ್ಟಿದ್ದ ಕೋಳಿಮರಿಗಳು ಕುಸಿದು ಮಲಗಿದವು. ಗಾಣದಜ್ಜಿಯ ತಲೆಯಲ್ಲಿ ಈಚೆಗಷ್ಟೇ ಮತ್ತೆ ಮೊಳೆತಿದ್ದ ಬಿಳಿ ಕೂದಲು ಮಡಿಲಿಗೆ ಉದುರಿತು. ತಂಗಿ ಉಳಿದ ಕುಡಿಕೆಗಳನ್ನು ಬಾವಿಕಟ್ಟೆಯ ತಣ್ಣನೆಯ ಕಲ್ಲಿನ ಮೇಲಿಟ್ಟು ಬಂದು ಅಜ್ಜಿಯ ಕಾಲು ಹಿಡಿದುಕೊಂಡಳು.

‘ಏಳೇ’ ಎಂದಳು ಗಾಣದಜ್ಜಿ, ಉಸಿರು ಸಿಕ್ಕಿದ ಮೇಲೆ. ‘ಕರೆದೋಳು ನಾನು. ನೀನ್ಯಾಕೆ ಅಳ್ತೀಯ? ಒಲೆ ಇಲ್ಲದ ಮನೆ ಯಾವ್ದಿದೆ ಈ ಬೀದೀಲಿ?’

ಅದು ನಿಜ. ಕಾವು ರೋಗದ ಮನೆಯಲ್ಲೂ ಇತ್ತು, ಅಕ್ಕರೆಯ ಮನೆಯಲ್ಲೂ ಇತ್ತು. ಅರಗಿಗೆ ಎರಡೂ ಒಂದೇ. ತಂಗಿ ಬರಿಗೈಯಲ್ಲಿ ಮನೆಗೆ ಬಂದಳು. ಕೂಸು ಹಾಲು ಕುಡಿಯಲು ಬಾಯಿ ತೆರೆಯಿತು, ಚೀಪಲು ಬಲ ಸಾಲದೆ ಹಾಗೆಯೇ ನಿದ್ದೆಹೋಯಿತು.

‘ದಾರೀಲಿ ಒಲೆ ಹತ್ರ ಕೂರಿಸ್ಬೇಡಿ ಅಂತ ಡಂಗುರ ಹೊಡೆಸೋಣ’ ಎಂದ ಯಜಮಾನ. ಮದ್ದಿನಜ್ಜ ಆಗದೆಂದು ತಲೆಯಾಡಿಸಿದ. ಆ ಊರಿಗೆ ಕಹಿ ಕುಡಿಯಲು ಹೇಳಬಹುದು, ಕುಡಿಯುತ್ತದೆ. ಕರೆಯಬೇಡಿ ಎಂದು ಹೇಳಲಾಗದು.

ದಿನಗಳು ಹೋದವು. ಒಂದು ಬೆಳಿಗ್ಗೆ ಇಬ್ಬರೂ ಅಕ್ಕನ ಮನೆಯ ಮುಂದೆ ಏನೂ ತೋಚದೆ ನಿಂತಿದ್ದಾಗ ಪಕ್ಕದ ಮನೆಯಾತ ಏಣಿ ಹತ್ತಿ ಗೋಡೆಗೆ ಸುಣ್ಣ ಬಳಿಯುತ್ತಿದ್ದ. ಬಳಿಯುತ್ತ ಗೊಣಗುತ್ತಿದ್ದ.

‘ಆ ಕಡೆ ಗೋಡೆ ನೋಡಿ, ಬಳಿದ ಸುಣ್ಣ ಹಾಲಿನಂಗೆ ನಿಂತಿದೆ. ಈ ಕಡೆ ಗೋಡೆ ನೋಡಿ! ಒಣಗಿ ಗಟ್ಟಿಯಾದ ಸುಣ್ಣವೂ ಸುಯ್ ಅಂತ ನೊರೆ ಎದ್ದು ಇಳಿದೋಗುತ್ತೆ. ಬಳಿದೂ ಬಳಿದೂ ನನ್ ರಟ್ಟೆ ಬಿದ್ದೋಯ್ತು. ನಿಮ್ಮಕ್ಕನ ಮನೆ ಹುಳಿ ಬೆವರುತ್ತೆ ಕಣವ್ವ, ಹುಳಿ!’

ತಂಗಿ ಅಜ್ಜನ ಮುಖ ನೋಡಿದಳು. ಅಜ್ಜ ತಂಗಿಯ ಮುಖ ನೋಡಿದ. ವರ್ಷವೆಲ್ಲ ಆತ ಗೊಣಗಿದ್ದ, ವರ್ಷವೆಲ್ಲ ಊರು ಆತನನ್ನು ಗೊಣಗಪ್ಪ ಎಂದು ನಕ್ಕು ಮುಂದೆ ಹೋಗಿತ್ತು.

ಕಪ್ಪೆಚಿಪ್ಪು ಸುಟ್ಟರು, ನೀರು ಚಿಮುಕಿಸಿ ಅರಳಿಸಿದರು, ಆ ಸುಣ್ಣವನ್ನು ಅರೆದು ಕುಡಿಕೆಯ ಬಾಯಿಗೆ ಮುಚ್ಚಳ ತಟ್ಟಿ ಗಾಳಿಗಿಟ್ಟು ಗಟ್ಟಿ ಮಾಡಿದರು. ಒಂದನ್ನು ಒಲೆಯ ಪಕ್ಕ ಇಟ್ಟರು. ಮುಚ್ಚಳ ಕದಲಲಿಲ್ಲ. ಕುದಿಯುವ ನೀರಿನಲ್ಲಿಟ್ಟರು. ಕದಲಲಿಲ್ಲ. ಬರೀ ಮುಚ್ಚಳವೊಂದನ್ನು ಹುಣಸೆನೀರಿಗೆ ಹಾಕಿದರು. ಸುಯ್ ಎಂದು ನೊರೆ ಎದ್ದು, ನೋಡುತ್ತಿದ್ದಂತೆ ಅದು ಇಲ್ಲವಾಯಿತು. ಮದ್ದಿನಜ್ಜ ಸಣ್ಣ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ.

ಈ ಸಲ ತಂಗಿ ಬುಟ್ಟಿ ಹೊತ್ತು ಹೊರಟು, ಕರೆದ ಮನೆಯಲ್ಲೆಲ್ಲ ಕೂತಳು. ಬೆಲ್ಲ ತಿಂದಳು, ಬಿಸಿನೀರು ಕುಡಿದಳು, ಒಲೆಗೆ ಅಂಗೈ ಹಿಡಿದಳು. ಕುಡಿಕೆಗಳು ಬುಟ್ಟಿಯಲ್ಲಿ ಬೆಚ್ಚಗೆ, ಬಾಯಿ ಮುಚ್ಚಿಕೊಂಡು ಕೂತವು.

‘ಇವತ್ತು ಮಜ್ಜಿಗೆ ಇದೆ, ಕೊಡ್ಲಾ?’ ಎಂದು ಗಾಣದಜ್ಜಿ ಕೇಳಿದಳು.

‘ನನ್ ಹೊಟ್ಟೆಗೆ ಕೊಡಿ ಅಜ್ಜಿ, ಬುಟ್ಟಿಗೆ ಮಾತ್ರ ಚೆಲ್ಬೇಡಿ’ ಎಂದಳು ತಂಗಿ. ಬಹಳ ದಿನಗಳ ಮೇಲೆ ಇಬ್ಬರೂ ನಕ್ಕರು.

ಅಕ್ಕನ ಮನೆಯ ಹೊರಗೋಡೆಯ ಬಳಿ ನಿಂತು ಅವಳು ಸಂದಿಗೆ ಕಣ್ಣಿಟ್ಟಳು. ಅಕ್ಕ ಇಷ್ಟು ದಿನ ಏನು ನೆನೆದಿದ್ದಳು ಎಂದು ಆಗ ತಿಳಿಯಿತು. ಹೊರಗಿನ ಕೋಣೆಯಲ್ಲಿ ಮೊಮ್ಮಕ್ಕಳ ಪುಟ್ಟ ಪುಟ್ಟ ತಟ್ಟೆಗಳು ಸಾಲಾಗಿ ಇದ್ದವು. ಸತ್ತ ಮಗಳು ಬದುಕಿದ್ದು, ಬೆಳೆದು, ಹೆತ್ತಿದ್ದರೆ ಹುಟ್ಟುತ್ತಿದ್ದ ಮೊಮ್ಮಕ್ಕಳು. ತಂಗಿ ಕಣ್ಣು ಮುಚ್ಚಿಕೊಂಡು ಕುಡಿಕೆಯನ್ನು ಸಂದಿನಲ್ಲಿ ಬಿಟ್ಟಳು. ಕುಡಿಕೆ ನೆಲದ ಹುಳಿನೀರಿಗೆ ಬಿತ್ತು. ಸುಯ್ ಎಂದಿತು. ಗೋಡೆಗಳು ಒಮ್ಮೆ ನಿಟ್ಟುಸಿರು ಬಿಟ್ಟು ಮಣ್ಣಾಗಿ ಕೂತವು. ಪಕ್ಕದ ಮನೆಯ ಹಿತ್ತಲಲ್ಲಿ ಒಂದು ಎಲೆಯೂ ಬಾಡಲಿಲ್ಲ.

ಮರುದಿನ ಅದರ ಒಳಗಿನ ಕೋಣೆ. ಅಲ್ಲಿ ಬಾಣಂತಿಯ ಮಂಚ, ಅದರ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಸುಯ್. ಅದರಾಚೆಯ ಕೋಣೆಯಲ್ಲಿ ಹಸೆಮಣೆ, ಗೋಡೆಯ ತುಂಬ ಕೆಮ್ಮಣ್ಣಿನ ಚಿತ್ತಾರ. ತಂಗಿ ಕುಡಿಕೆ ಹಿಡಿದ ಕೈಯನ್ನು ಸಂದಿನವರೆಗೆ ಒಯ್ದು ಹಿಂದೆ ತೆಗೆದಳು. ಆಗ ಒಳಗೆಲ್ಲೋ ದೂರದಿಂದ ಅಕ್ಕನ ದನಿ ಬಂತು.

‘ಯಾರದು?’

‘ನಾನೇ ಅಕ್ಕ.’

‘ಅದು ಮಗಳ ಮದ್ವೆ ಕೋಣೆ ಕಣೆ. ಅದೊಂದನ್ನ ಬಿಟ್ಬಿಡೇ.’

ತಂಗಿ ಗೋಡೆಗೆ ಹಣೆ ಹಚ್ಚಿ ಅತ್ತಳು. ಬಿಡಬಹುದಿತ್ತೇ? ಬಿಟ್ಟರೆ ಆ ಕೋಣೆಯಿಂದಲೇ ಮತ್ತೆ ಬಾಣಂತಿಕೋಣೆ ಚಿಗುರುತ್ತದೆ, ಮೊಮ್ಮಕ್ಕಳ ಕೋಣೆ ಚಿಗುರುತ್ತದೆ, ಕಾಲುವೆ ಬತ್ತುತ್ತದೆ, ಊರಿಗೆಲ್ಲ ಕಹಿ ಸುರಿಯಬೇಕಾಗುತ್ತದೆ. ಮನೆಯಲ್ಲಿ ದೊಗಳೆ ಅಂಗಿಯ ಕೂಸು ಮಲಗಿದೆ. ‘ಅಕ್ಕ, ನನ್ನ ಕ್ಷಮ್ಸು’ ಎಂದು ಕುಡಿಕೆ ಬಿಟ್ಟಳು. ಒಳಗಿನಿಂದ ಬೈಗುಳ ಬರಲಿಲ್ಲ, ಅಳುವೂ ಬರಲಿಲ್ಲ. ಅದೇ ಅವಳಿಗೆ ಹೆಚ್ಚು ಸಂಕಟವಾಯಿತು.

ಆಮೇಲೆ ಮಗಳು ಮೈನೆರೆದು ಕೂರಬೇಕಿದ್ದ ಕೋಣೆ ಹೋಯಿತು. ಸ್ಲೇಟು ಬಳಪದ ಕೋಣೆ ಹೋಯಿತು. ನಡೆಯಲು ಕಲಿಯಬೇಕಿದ್ದ ಉದ್ದನೆಯ ಪಡಸಾಲೆ ಹೋಯಿತು. ಕಾಲುವೆ ತನ್ನ ದಾರಿಗೆ ಮರಳಿತು. ಹುಣ್ಣಿಮೆಗೆ ಇನ್ನೂ ಸಮಯವಿದ್ದಾಗಲೇ ಉಳಿದದ್ದು ಒಂದೇ ಒಂದು ಕೋಣೆ, ಆ ಮನೆ ಮೊದಲು ಬೆಳೆದ ಕೋಣೆ. ಅಕ್ಕ ಅದರೊಳಗಿದ್ದಳು.

ಮದ್ದಿನಜ್ಜ ಕೊನೆಯ ಕುಡಿಕೆಯನ್ನು ತಂಗಿಯ ಕೈಗಿಟ್ಟ. ಅವಳ ಮುಖ ನೋಡಲಿಲ್ಲ.

‘ಇದನ್ನ ನಿಮ್ಮಕ್ಕನ ಮಡಿಲಲ್ಲೇ ಇಡ್ಬೇಕು ಕಣವ್ವ.’

‘ಅಕ್ಕನ ಮಡಿಲಲ್ಲಾ?’

‘ಬೇರು ಅವಳ ಹತ್ರಾನೇ ಇರೋದು. ಒಂದೆಳೆ ಉಳಿದ್ರೂ ಮತ್ತೆ ಚಿಗುರುತ್ತೆ. ಅಲ್ಲಿ ಹುಳಿ ಉಳಿದಿದ್ರೆ ಮುಚ್ಚಳ ಕರಗುತ್ತೆ, ಇಲ್ದಿದ್ರೆ ಹಾಗೇ ನಿಲ್ಲುತ್ತೆ.’

‘ಕರಗಿದ್ರೆ ಅಕ್ಕ?’

‘ಅಕ್ಕನೂ ಗೋಡೆ ಜೊತೇಗೆ’ ಎಂದು ಅಜ್ಜ ಮಾತು ನಿಲ್ಲಿಸಿದ.

ಬಿದ್ದ ಕೋಣೆಗಳ ಮಣ್ಣಿನ ಮೇಲೆ ನಡೆದು ತಂಗಿ ಒಳಗೆ ಹೋದಳು. ಸುತ್ತಲಿನ ಗೋಡೆಗಳು ಇಲ್ಲವಾಗಿದ್ದರಿಂದ ಹಳೆಯ ಕಿಟಕಿಗೆ ಬಿಸಿಲು ಬಂದಿತ್ತು. ನೆಲದ ಮೇಲೆ ಅಕ್ಕ ಕಾಲು ಚಾಚಿ ಕೂತಿದ್ದಳು. ಉದುರಿ ಮತ್ತೆ ಮೊಳೆತ ಕೂದಲೆಲ್ಲ ಬೆಳ್ಳಗಿತ್ತು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ತಂಗಿಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಆದರೆ ಕೈಯಲ್ಲಿ ಕುಡಿಕೆಯಿತ್ತು.

‘ಎಲ್ಲಾ ಕೆಡವಿಬಿಟ್ಟೆ’ ಎಂದಳು ಅಕ್ಕ.

‘ಹೂಂ ಅಕ್ಕ.’

‘ಅದೇನು ಕೈಯಲ್ಲಿ?’

ತಂಗಿ ಮುಚ್ಚಿಡಲಿಲ್ಲ. ಕೂಸಿನ ವಿಷಯ ಹೇಳಿದಳು, ಕಹಿನೀರಿನ ವಿಷಯ ಹೇಳಿದಳು, ಅಜ್ಜ ಹೇಳಿದ್ದನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಅಕ್ಕ ಎಲ್ಲ ಕೇಳಿಸಿಕೊಂಡು ಸೆರಗು ಸರಿಪಡಿಸಿಕೊಂಡು ಮಡಿಲು ಹಾಸಿದಳು.

‘ಇಡು.’

ತಂಗಿ ಇಟ್ಟಳು. ಬಿಳಿಯ ಮುಚ್ಚಳದ ಆ ಪುಟ್ಟ ಕುಡಿಕೆ ಅಕ್ಕನ ಮಡಿಲಲ್ಲಿ ಕೂತಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಎಷ್ಟೋ ಹೊತ್ತಿನ ಮೇಲೆ ಅಕ್ಕನ ಗಲ್ಲ ನಡುಗಿತು. ಮಗಳು ಹೋದ ದಿನ ಬರದಿದ್ದ ಅಳು, ಅಷ್ಟು ಕೋಣೆಗಳು ಬಿದ್ದಾಗಲೂ ಬರದಿದ್ದ ಅಳು, ಈಗ ಬಂತು. ಅವಳು ಮಗಳ ಹೆಸರು ಹಿಡಿದು ಗೊಳೋ ಎಂದು ಅತ್ತಳು. ಕಣ್ಣೀರು ಕೆನ್ನೆಯಿಂದ ಇಳಿದು ಮಡಿಲಿಗೆ ಬಿತ್ತು, ಮುಚ್ಚಳದ ಮೇಲೂ ಬಿತ್ತು.

‘ಸದ್ದು ಬರ್ತಿದ್ಯಾ ನೋಡೇ’ ಎಂದಳು ಅಕ್ಕ, ಕಣ್ಣು ತೆರೆಯದೆ.

ತಂಗಿ ಬಾಗಿ ಕುಡಿಕೆಯ ಹತ್ತಿರ ಕಿವಿಯಿಟ್ಟಳು. ‘ಇಲ್ಲ ಅಕ್ಕ.’

‘ಸರ್ಯಾಗಿ ಕೇಳು.’

ತಂಗಿ ಮತ್ತೆ ಕಿವಿಯಿಟ್ಟಳು. ಬೆರಳಿನಿಂದ ಮುಚ್ಚಳ ಸವರಿ ನೋಡಿದಳು. ಒದ್ದೆಯಾಗಿತ್ತು, ಕಲ್ಲಿನಂತೆ ಗಟ್ಟಿಯಾಗಿತ್ತು. ‘ಇಲ್ಲ ಕಣಕ್ಕ, ಏನೂ ಇಲ್ಲ’ ಎಂದಳು. ಇಷ್ಟು ಹೊತ್ತು ತಡೆದಿದ್ದ ಕೈಗಳನ್ನು ಅಕ್ಕನ ಕೊರಳಿಗೆ ಹಾಕಿ ಬಿಗಿಯಾಗಿ ಹಿಡಿದುಕೊಂಡಳು.

ಅಕ್ಕ ಅವಳ ಬೆನ್ನು ಸವರಿದಳು. ಸವರುತ್ತ ಇದ್ದವಳು ತಟ್ಟನೆ ಕೈ ನಿಲ್ಲಿಸಿ, ತಂಗಿಯನ್ನು ಹಿಂದೆ ಸರಿಸಿ ಅವಳ ಕುಪ್ಪಸದ ಮೇಲೆ ಕೈಯಿಟ್ಟು ನೋಡಿದಳು.

‘ಎದೆಯೆಲ್ಲ ಹಾಲು ಸೋರ್ತಿದೆಯಲ್ಲೇ’ ಎಂದಳು. ‘ಮಗೂನ ಯಾರ ಹತ್ರ ಬಿಟ್ಟು ಬಂದಿದ್ದೀಯ? ಏಳು, ಏಳು, ಹಸಿದಿರುತ್ತೆ.’